ಜೈಲಿನ ಬೀಗದ ಕೈ ಯಾರ ಸೊಂಟದಲ್ಲಿ?



ಕಳ್ಳನಿಗೆಂಥ ಗುಟ್ಟಯ್ಯಾ, ಕೈದಿಗೆಂಥ ಮಾನವಯ್ಯಾ ಅಂತ ಕೇಳುವವರು ಈ ದೇಶದಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಸ್ಸಿನಲ್ಲಿ ಕೇಳುತ್ತಾರೆ, ಕ್ಲಾಸಿನಲ್ಲಿ ಮೇಷ್ಟ್ರು ಕೇಳುತ್ತಾರೆ, ಟೀವಿಯಲ್ಲಿ ಕೋಟು ಹಾಕಿಕೊಂಡು ಕೂಗಿ ಕೇಳುತ್ತಾರೆ. ಜೈಲಿಗೆ ಹೋದವನು ಅಂದ ಮೇಲೆ ಅವನ ಮೈ ತಡಕಿದರೇನು, ಅವನ ಕಾಗದ ಒಡೆದು ಓದಿದರೇನು, ಅವನು ವಕೀಲರ ಹತ್ತಿರ ಮಾತಾಡುವಾಗ ಪೊಲೀಸಿನವನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡರೇನು? ಮುಚ್ಚಿಡೋಕೆ ಏನಿದೆ ಅವನ ಹತ್ತಿರ? ಮೇಲಿನವರು ಈ ಮಾತು ಆಡಿದರೆ ನಮಗೆ ಆಶ್ಚರ್ಯವಿಲ್ಲ, ಅವರು ಯಾವತ್ತೂ ಆಡುತ್ತಾ ಬಂದ ಮಾತೇ ಇದು. ಆದರೆ ನಮ್ಮ ಹಾಸ್ಟೆಲ್ಲಿನಲ್ಲೇ, ನಮ್ಮ ಪಕ್ಕ ತಟ್ಟೆ ಇಟ್ಟುಕೊಂಡು ಉಣ್ಣುವ ಹುಡುಗರೇ ಹೀಗೆ ಮಾತಾಡುತ್ತಾರಲ್ಲ, ಅದಕ್ಕಾಗಿ ಈ ನಾಲ್ಕು ಪುಟ ಬರೆಯಬೇಕಾಗಿ ಬಂತು.

ಮೊದಲು ಒಳಗೆ ಇರುವವರು ಯಾರು ನೋಡೋಣ. ಸರ್ಕಾರವೇ ವರ್ಷಾವರ್ಷ ಲೆಕ್ಕ ಅಚ್ಚು ಹಾಕಿಸುತ್ತದೆ. 2022ರ ಕೊನೆಗೆ ಭಾರತದ ಜೈಲುಗಳಲ್ಲಿ ಇದ್ದವರು ಸುಮಾರು 5 ಲಕ್ಷ 73 ಸಾವಿರ ಜನ. ಅದರಲ್ಲಿ 4 ಲಕ್ಷ 34 ಸಾವಿರ ಜನ ವಿಚಾರಣಾ ಕೈದಿಗಳು. ಅಂದರೆ ನೂರರಲ್ಲಿ 75ಕ್ಕಿಂತ ಹೆಚ್ಚು ಜನರನ್ನು ಯಾವ ಕೋರ್ಟೂ ಇನ್ನೂ ತಪ್ಪಿತಸ್ಥರು ಅಂತ ಹೇಳಿರಲಿಲ್ಲ. 'ಕಳ್ಳ' ಅಂತ ಕರೆಯುವುದಕ್ಕೆ ತೀರ್ಪು ಬೇಡವಾ? 2011ರ ಜನಗಣತಿಯಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ 16.6. ಜೈಲಿನಲ್ಲಿ ಹೆಚ್ಚುಕಡಿಮೆ ಐದಕ್ಕೊಬ್ಬರು. ವಿಧಾನಸೌಧದಲ್ಲಿ, ಹೈಕೋರ್ಟಿನಲ್ಲಿ, ಯೂನಿವರ್ಸಿಟಿಯಲ್ಲಿ ನಮ್ಮ ಪಾಲು ಕೊಡಿ ಅಂತ ಎಷ್ಟು ವರ್ಷದಿಂದ ಕೇಳ್ತಾ ಇದ್ದೀವಿ. ಕೇಳದೇನೇ ನಮ್ಮ ಪಾಲಿಗಿಂತ ಜಾಸ್ತಿ ಕೊಟ್ಟಿರೋ ಜಾಗ ಇದು.

ಈಗ ಠಾಣೆಗೂ ಜೈಲಿಗೂ ಇರುವ ವ್ಯತ್ಯಾಸಕ್ಕೆ ಬರೋಣ. ಹಾಸ್ಟೆಲ್ಲಿನಲ್ಲಿ ಬಿ.ಎ. ಓದುವವನಿಗೂ ಇದು ಗೊತ್ತಿಲ್ಲ, ಕೇರಿಯಲ್ಲಿ ಕೂಲಿ ಮಾಡುವ ಅವನಪ್ಪನಿಗೂ ಗೊತ್ತಿಲ್ಲ. ಪೊಲೀಸ್ ಕಸ್ಟಡಿ ಬೇರೆ, ನ್ಯಾಯಾಂಗ ಬಂಧನ ಬೇರೆ. ನ್ಯಾಯಾಧೀಶರು ಒಬ್ಬನನ್ನು ಜೈಲಿಗೆ ಕಳಿಸಿದರೆ ಅವನು ಪೊಲೀಸರ ಕೈ ಬಿಟ್ಟು ಕೋರ್ಟಿನ ಕೈಗೆ ಬಂದ ಅಂತ ಅರ್ಥ. ಆಮೇಲೆ ಅವನನ್ನು ಏನಾದರೂ ಕೇಳಬೇಕು ಅಂದರೆ ತನಿಖೆ ಮಾಡುವ ಅಧಿಕಾರಿ ಕೋರ್ಟಿಗೆ ಅರ್ಜಿ ಹಾಕಿ ಅಪ್ಪಣೆ ತರಬೇಕು. ಜೈಲಿನ ಗೋಡೆ ಕೈದಿ ಓಡಿಹೋಗದ ಹಾಗೆ ಕಟ್ಟಿದ್ದು ನಿಜ. ಪೊಲೀಸಿನವನು ತನಗೆ ಬೇಕಾದಾಗ ನುಗ್ಗದ ಹಾಗೆ ತಡೆಯುವುದಕ್ಕೂ ಅದೇ ಗೋಡೆ.

ಯಾಕೆ ತಡೆಯಬೇಕು? ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷಿಯಾಗಿ ನಡೆಯುವುದಿಲ್ಲ ಅಂತ 1872ರಲ್ಲೇ ಬ್ರಿಟಿಷರು ಕಾಯ್ದೆ ಮಾಡಿದರು. 2023ರ ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ಆ ಮಾತು ಉಳಿದಿದೆ. ತಾನೇ ಬಟ್ಟೆ ಹೊಲಿಸಿ ಲಾಠಿ ಕೊಟ್ಟು ನಿಲ್ಲಿಸಿದ ಪೊಲೀಸರ ಮೇಲೆ ಬಿಳಿಯರ ಸರ್ಕಾರಕ್ಕೇ ನಂಬಿಕೆ ಇರಲಿಲ್ಲ! ಒಪ್ಪಿಗೆ ಹೇಗೆ ಬರುತ್ತದೆ ಅಂತ ಅವರಿಗೆ ಗೊತ್ತಿತ್ತು. ನಮಗೂ ಗೊತ್ತು. ಪಟೇಲನ ಚಾವಡಿಯ ಕಂಬಕ್ಕೆ ಕಟ್ಟಿಸಿಕೊಂಡವರ ಮೊಮ್ಮಕ್ಕಳಿಗೆ ಇದನ್ನು ಪುಸ್ತಕ ನೋಡಿ ಕಲಿಯಬೇಕಾದ್ದಿಲ್ಲ.

ಆ ಗೋಡೆಯಲ್ಲಿ ಈಗ ದೊಡ್ಡ ಬಿಲ ಕೊರೆದಿದ್ದಾರೆ. ಹಳೇ ಕಾಯ್ದೆಯಲ್ಲಿ ಬಂಧನವಾದ ಮೊದಲ 15 ದಿನದೊಳಗೆ ಮಾತ್ರ ಪೊಲೀಸ್ ಕಸ್ಟಡಿ. ಅದು ಮುಗಿಯಿತೋ, ಆ ಕೇಸಿಗೆ ಮತ್ತೆ ಠಾಣೆಗೆ ಒಯ್ಯುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು 1992ರಲ್ಲಿ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮು ಏನು ಹೇಳುತ್ತದೆ? ಒಟ್ಟು ದಿನ 15ನ್ನು ಮೀರಬಾರದು, ಸರಿ. ಆದರೆ ಆ 15 ದಿನವನ್ನು ತುಂಡು ತುಂಡು ಮಾಡಿ, ಕೇಸು ನೋಡಿಕೊಂಡು, ಮೊದಲ 40 ದಿನ ಇಲ್ಲವೇ 60 ದಿನದೊಳಗೆ ಯಾವಾಗ ಬೇಕಾದರೂ ಕೇಳಬಹುದು. ದಿನ ಜಾಸ್ತಿ ಆಗಲಿಲ್ಲವಲ್ಲ, ಇದರಲ್ಲೇನು ತಪ್ಪು ಅಂತ ಕೋರ್ಟಿನ ಪಡಸಾಲೆಯಲ್ಲಿ ವಾದ ಮಾಡುವವರಿದ್ದಾರೆ. ಸ್ವಾಮಿ, ಏಟು ತಿಂದ ಹುಡುಗನ ಕಡೆಯಿಂದ ಯೋಚನೆ ಮಾಡಿ. ಮೂರು ದಿನ ಠಾಣೆಯಲ್ಲಿದ್ದು ಜೈಲಿಗೆ ಬಂದಿದ್ದಾನೆ. ಮೊದಲಾದರೆ, ಇನ್ನು ಇವರ ಕೈಗೆ ಸಿಗೋದಿಲ್ಲ ಅಂತ ಧೈರ್ಯ ಬಂದು ಜೈಲಿನ ಡಾಕ್ಟರಿಗೆ ಬೆನ್ನು ತೋರಿಸುತ್ತಿದ್ದ. ಈಗ ಇನ್ನೂ ಹನ್ನೆರಡು ದಿನ ಬಾಕಿ ಇದೆ ಅಂತ ಅವನಿಗೆ ಗೊತ್ತು, ಪೊಲೀಸಿನವನಿಗೂ ಗೊತ್ತು. ಯಾವನು ಬಾಯಿ ಬಿಡುತ್ತಾನೆ?

ಇನ್ನೊಂದು ಕೇಸಿಗೆ ಬೇಕಾದರೆ 'ಬಾಡಿ ವಾರೆಂಟ್' ತರುತ್ತಾರೆ. ಕಾನೂನಿನ ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರಿದೆ, ಆದರೆ ನಮ್ಮ ಕೋರ್ಟುಗಳಲ್ಲಿ ವಕೀಲರು, ಗುಮಾಸ್ತರು, ಪೇದೆಗಳು ಎಲ್ಲರ ಬಾಯಲ್ಲೂ ಬಾಡಿ ವಾರೆಂಟೇ. ಬಾಡಿ ಅಂದರೆ ನಮ್ಮ ಊರ ಕಡೆ ಹೆಣ. ಉಸಿರಾಡುವ ಮನುಷ್ಯನನ್ನು ಜೈಲಿನಿಂದ ತರಿಸುವ ಚೀಟಿಗೆ ಯಾವ ಮಹಾನುಭಾವ ಈ ಹೆಸರಿಟ್ಟನೋ, ಒಳ್ಳೆ ಕವಿಯೇ ಇರಬೇಕು.

ವಕೀಲರ ಭೇಟಿಯ ವಿಚಾರ ಇದಕ್ಕಿಂತ ಮುಖ್ಯವಾದದ್ದು. 1894ರ ಜೈಲು ಕಾಯ್ದೆಯ 40ನೇ ಕಲಮಿನಲ್ಲೇ, ವಿಚಾರಣಾ ಕೈದಿ ತನ್ನ ವಕೀಲರನ್ನು ಬೇರೆ ಯಾರೂ ಹತ್ತಿರ ಇಲ್ಲದೆ ಕಾಣಬಹುದು ಅಂತ ಬರೆದಿತ್ತು. ಆದರೂ ಈ ಜಗಳ ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. ಫ್ರಾನ್ಸಿಸ್ ಕೊರಾಲಿ ಮಲ್ಲಿನ್ ಅನ್ನುವ ಬ್ರಿಟಿಷ್ ಹೆಂಗಸನ್ನು ಕಳ್ಳಸಾಗಣೆ ತಡೆ ಕಾಯ್ದೆಯಲ್ಲಿ ವಿಚಾರಣೆ ಇಲ್ಲದೆ ತಿಹಾರ್ ಜೈಲಿನಲ್ಲಿ ಇಟ್ಟಿದ್ದರು. ಆಕೆ ವಕೀಲರನ್ನು ಕಾಣಬೇಕಾದರೆ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರ ಅಪ್ಪಣೆ, ಆಮೇಲೆ ಕಸ್ಟಮ್ಸ್ ಅಧಿಕಾರಿ ಬಂದು ಪಕ್ಕದಲ್ಲಿ ಇರಬೇಕು. ಅಧಿಕಾರಿಗೆ ಬಿಡುವಿಲ್ಲದಿದ್ದರೆ ಭೇಟಿಯೂ ಇಲ್ಲ. ಐದು ವರ್ಷದ ಮಗಳನ್ನು ನೋಡಲು ತಿಂಗಳಿಗೆ ಒಂದೇ ಸಲ. 1981ರ ಜನವರಿಯಲ್ಲಿ ನ್ಯಾಯಮೂರ್ತಿ ಭಗವತಿಯವರ ಪೀಠ ಈ ನಿಯಮಗಳನ್ನು ಕಿತ್ತು ಹಾಕಿತು. ಬದುಕುವ ಹಕ್ಕು ಅಂದರೆ ಪ್ರಾಣಿಯ ಹಾಗೆ ಉಸಿರು ಹಿಡಿದುಕೊಂಡಿರುವುದಲ್ಲ, ಮನುಷ್ಯನ ಘನತೆಯಿಂದ ಬದುಕುವುದು ಅಂತ ಹೇಳಿತು. ಭೇಟಿಯ ಹೊತ್ತಿನಲ್ಲಿ ಅಧಿಕಾರಿ ಬೇಕಾದರೆ ದೂರದಲ್ಲಿ ನಿಂತು ನೋಡಲಿ, ಆದರೆ ಮಾತು ಅವನ ಕಿವಿಗೆ ಬೀಳಬಾರದು ಅಂತ ಗೆರೆ ಎಳೆಯಿತು.

ಈ ಗೆರೆಯನ್ನು ನೀವೆಲ್ಲ ನೆನಪಿಡಬೇಕು. ಕಣ್ಣಿಗೆ ಕಾಣಲಿ, ಕಿವಿಗೆ ಬೀಳದಿರಲಿ. ಈಗ ಯಾವುದಾದರೂ ಜೈಲಿನ ಭೇಟಿ ಕೋಣೆಯ ಮುಂದೆ ಒಂದು ಗಂಟೆ ನಿಂತು ನೋಡಿ. ಜಾಲರಿಯ ಆ ಕಡೆ ಕೈದಿಗಳ ಸಾಲು, ಈ ಕಡೆ ಹೆಂಡತಿ ಮಕ್ಕಳ ಸಾಲು, ನಡುವೆ ಸಂತೆಯ ಗದ್ದಲ. ಒಬ್ಬ ಹೆಂಗಸು ಮನೆ ಕಷ್ಟ ಹೇಳಬೇಕಾದರೆ ಊರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಬೇಕು. ಸರ್ಕಾರ ಕೊಟ್ಟ ಉಚಿತ ವಕೀಲರು ಬಂದರೆ, ಬಂದರೆ ಅಂತ ಇಟ್ಟುಕೊಳ್ಳಿ, ವಾರ್ಡರ್ ಪಕ್ಕದಲ್ಲೇ ಇರುತ್ತಾನೆ. ತನ್ನನ್ನು ಹೊಡೆದವನ ಹೆಸರನ್ನು ವಾರ್ಡರ ಕಿವಿಯ ಹತ್ತಿರ ಯಾರು ಹೇಳುತ್ತಾರೆ? ಈಗಂತೂ ಕೋರ್ಟಿಗೂ ಕರೆದುಕೊಂಡು ಹೋಗದೆ ಜೈಲಿನ ಕೋಣೆಯಲ್ಲೇ ವಿಡಿಯೋ ಮುಂದೆ ಕೂರಿಸುತ್ತಾರೆ. ಪರದೆಯಲ್ಲಿ ನ್ಯಾಯಾಧೀಶರು ಏನಾದರೂ ದೂರು ಇದೆಯೇನಪ್ಪಾ ಅಂತ ಕೇಳುತ್ತಾರೆ. ಜೈಲಿನ ಸಿಬ್ಬಂದಿ ಪರದೆಗೆ ಕಾಣದ ಹಾಗೆ ಕುರ್ಚಿಯ ಹಿಂದೆ ನಿಂತಿರುತ್ತಾರೆ. ಇಲ್ಲ ಬುದ್ಧಿ ಅನ್ನುತ್ತಾನೆ ನಮ್ಮವನು. ದೂರು ಇಲ್ಲ ಅಂತ ಬರೆದುಕೊಂಡರು, ಮುಗಿಯಿತು.

ಕಾಗದದ ಮಾತೂ ಹೇಳಿಬಿಡುತ್ತೇವೆ. 1979ರಲ್ಲಿ ತಿಹಾರ್ ಜೈಲಿನಲ್ಲಿ ಗಲ್ಲಿಗೆ ಕಾಯುತ್ತಿದ್ದ ಸುನಿಲ್ ಬಾತ್ರಾ ಎಂಬ ಕೈದಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಒಂದು ಕಾಗದ ಬರೆದ. ತನ್ನ ಬಗ್ಗೆ ಅಲ್ಲ, ಇನ್ನೊಬ್ಬ ಕೈದಿಯ ಬಗ್ಗೆ. ನೋಡಲು ಬರುವ ನೆಂಟರಿಂದ ದುಡ್ಡು ಕೀಳುವುದಕ್ಕಾಗಿ ವಾರ್ಡರನೊಬ್ಬ ಆ ಕೈದಿಯನ್ನು ಹೇಳಬಾರದ ರೀತಿಯಲ್ಲಿ ಹಿಂಸೆ ಮಾಡಿದ್ದ. ಆ ಕಾಗದವನ್ನೇ ಅರ್ಜಿ ಅಂತ ತೆಗೆದುಕೊಂಡು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ತೀರ್ಪು ಬರೆದರು. ಜೈಲುಗಳಲ್ಲಿ ದೂರಿನ ಪೆಟ್ಟಿಗೆ ಇಡಬೇಕು, ಅದು ಜಿಲ್ಲಾ ಮ್ಯಾಜಿಸ್ಟ್ರೇಟ್ ಮತ್ತು ಸೆಷನ್ಸ್ ನ್ಯಾಯಾಧೀಶರ ಅಪ್ಪಣೆಯ ಪ್ರಕಾರ ತೆರೆಯಬೇಕು, ಕೋರ್ಟು ನೇಮಿಸಿದ ವಕೀಲರು ಕೈದಿಗಳ ಹತ್ತಿರ ಗುಟ್ಟಾಗಿ ಮಾತಾಡಲು ಅನುಕೂಲ ಮಾಡಿಕೊಡಬೇಕು ಅಂತ ಹೇಳಿದರು. ಆ ಒಂದು ಕಾಗದವನ್ನು ಗೇಟಿನಲ್ಲೇ ಒಡೆದು ಓದಿ ಹರಿದು ಹಾಕಿದ್ದರೆ? ಕೈದಿಗೆ ಗುಟ್ಟು ಯಾಕೆ ಅಂತ ಕೇಳುವವರಿಗೆ ಬೇರೆ ಉತ್ತರ ನಾವು ಯಾಕೆ ಹುಡುಕಬೇಕು.

ಮೈ ಮುಟ್ಟದೆ ತಲೆಯೊಳಕ್ಕೆ ಕೈ ಹಾಕುವ ದಾರಿಯನ್ನೂ ಹುಡುಕಿದ್ದರು, ಅದೂ ನಮ್ಮ ಬೆಂಗಳೂರಿನಲ್ಲೇ. ಸೋಡಿಯಂ ಪೆಂಟೋಥಾಲ್ ಎಂಬ ಮತ್ತಿನ ಔಷಧಿ ಚುಚ್ಚಿ, ಅರೆ ನಿದ್ದೆಯಲ್ಲಿರುವವನನ್ನು ಪ್ರಶ್ನೆ ಕೇಳುವುದು. ನಾರ್ಕೋ ಪರೀಕ್ಷೆ ಅಂತ ಹೆಸರು. ಒಂದು ಕಾಲಕ್ಕೆ ಬೆಂಗಳೂರಿನ ಪ್ರಯೋಗಾಲಯ ಇದಕ್ಕೆ ದೇಶಕ್ಕೆಲ್ಲ ಹೆಸರುವಾಸಿ. ಹೀಗೆ ತೊದಲುವ ಕೈದಿಗಳ ಚಿತ್ರ ಟೀವಿಗಳಲ್ಲೂ ಬಂತು, ಜನ ಕಾಫಿ ಕುಡಿಯುತ್ತಾ ನೋಡಿದರು. 2010ರ ಮೇ 5ರಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಪ್ಪಿಗೆ ಇಲ್ಲದೆ ನಾರ್ಕೋ, ಸುಳ್ಳು ಪತ್ತೆ, ಮೆದುಳಿನ ಪರೀಕ್ಷೆ ಮಾಡಕೂಡದು ಅಂತ ತೀರ್ಪು ಕೊಟ್ಟಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಯಾರನ್ನೂ ಬಲವಂತ ಮಾಡಬಾರದು ಎನ್ನುವ ಸಂವಿಧಾನದ 20(3)ನೇ ಕಲಮು ಬಾಯಿಗೆ ಮಾತ್ರ ಅಲ್ಲ, ಮನಸ್ಸಿಗೂ ಬಾಗಿಲು ಕೊಟ್ಟಿದೆ ಎನ್ನುವುದು ಅದರ ಸಾರ. ಆ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್, ದಲಿತರ ಮನೆಯಿಂದ ಆ ಕುರ್ಚಿಗೆ ಬಂದ ಮೊದಲಿಗರು. ಜಾತಿ ನೋಡಿ ಹೊಗಳುವ ಚಾಳಿ ನಮಗೆ ಬೇಡ. ಆದರೂ ಇದನ್ನು ಹೇಳದೆ ಬಿಡಲು ಮನಸ್ಸು ಬರುವುದಿಲ್ಲ.

ಮನಸ್ಸಿನ ಬಾಗಿಲು ಮುಚ್ಚಿದರು, ಮೈಯ ಬಾಗಿಲು ತೆಗೆದರು. 2022ರ ಗುರುತಿಸುವಿಕೆ ಕಾಯ್ದೆ ಇದೆಯಲ್ಲ, ಅದನ್ನು ಹಾಸ್ಟೆಲ್ ಹುಡುಗರು ಕೂತು ಓದಬೇಕು. 1920ರ ಕಾಯ್ದೆಯಲ್ಲಿ ಬೆರಳಚ್ಚು, ಹೆಜ್ಜೆಗುರುತು, ಫೋಟೋ ಇಷ್ಟೇ ಇತ್ತು. ಹೊಸದರಲ್ಲಿ ಅಂಗೈ, ಕಣ್ಣಿನ ಪಾಪೆ, ರಕ್ತದಂಥ ಮಾದರಿ, ಸಹಿ, ಕೈಬರಹ ಎಲ್ಲ ಸೇರಿವೆ. ಶಿಕ್ಷೆಯಾದವರದು ಮಾತ್ರ ಅಲ್ಲ, ಬಂಧನವಾದವರದೂ ತೆಗೆಯಬಹುದು. ಮೈಯಿಂದ ತೆಗೆಯುವ ಮಾದರಿಗೆ ಮಾತ್ರ, ಏಳು ವರ್ಷಕ್ಕೆ ಕಡಿಮೆ ಇಲ್ಲದ ಶಿಕ್ಷೆಯ ಕೇಸು ಅಥವಾ ಹೆಂಗಸರು ಮಕ್ಕಳ ಮೇಲಿನ ಅಪರಾಧ ಅಲ್ಲದಿದ್ದರೆ, ಬೇಡ ಅನ್ನಬಹುದು. ಬೇಡ ಅನ್ನಬಹುದು ಅಂತ ಠಾಣೆಯಲ್ಲಿ ಯಾರು ಹೇಳಿಕೊಡುತ್ತಾರೆ? ಉಳಿದದ್ದಕ್ಕೆ ತಕರಾರು ಮಾಡಿದರೆ ಅದೇ ಇನ್ನೊಂದು ಅಪರಾಧ. ತೆಗೆದದ್ದನ್ನು ದೆಹಲಿಯ ದಾಖಲೆ ಬ್ಯೂರೋ 75 ವರ್ಷ ಇಟ್ಟುಕೊಳ್ಳುತ್ತದೆ. ಕೇಸು ಬಿದ್ದುಹೋದರೆ ಅಳಿಸಬೇಕು ಅಂತ ಇದೆ, ಆದರೆ ಕೊನೇ ಅಪೀಲು ಮುಗಿಯುವವರೆಗೆ ಕಾಯಬೇಕು. ಅನ್ನದಲ್ಲಿ ಹುಳ ಬಂತು ಅಂತ ನೀವು ರಸ್ತೆಯಲ್ಲಿ ಕೂತರೆ, ಬಂಧಿಸಿ ವ್ಯಾನು ಹತ್ತಿಸಿದರೆ, ನಿಮ್ಮ ಕಣ್ಣಿನ ಗುರುತು ನೀವು ಮುದುಕರಾಗಿ ಸಾಯುವ ತನಕ ಅವರ ಪೆಟ್ಟಿಗೆಯಲ್ಲಿ ಕೂರುವ ದಾರಿ ತೆರೆದಿದೆ. ಪೊಲೀಸ್ ವೆರಿಫಿಕೇಶನ್ನಿಗೆ ಹೆದರಿ ಜೈಲಿನ ಸುದ್ದಿ ನಮಗ್ಯಾಕೆ ಅನ್ನುವ ಗೆಳೆಯ ಇದನ್ನು ಎರಡು ಸಲ ಓದಲಿ.

ಈ ಗುರುತು ಹಾಕುವ ಚಾಳಿ ನಿನ್ನೆ ಮೊನ್ನೆಯದಲ್ಲ. 1871ರಲ್ಲಿ ಬ್ರಿಟಿಷರು ಕೆಲವು ಜಾತಿಗಳನ್ನೇ ಹುಟ್ಟು ಅಪರಾಧಿಗಳು ಅಂತ ಪಟ್ಟಿ ಮಾಡಿದರು. ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಅನ್ನುವ ಹೆಸರು ಇವತ್ತಿಗೂ ಉಳಿದಿರುವುದು ಅಲ್ಲಿ ಆ ಜನರನ್ನು ಕೂಡಿಹಾಕಿದ್ದಕ್ಕೆ. ಹಾಜರಿ ಕೂಗಬೇಕು, ಹೊರಗೆ ಹೋಗಲು ಚೀಟಿ ಬೇಕು. 1952ರಲ್ಲಿ ಆ ಕಾಯ್ದೆ ರದ್ದಾಯಿತು. ಆಮೇಲೆ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆ ತಂದವು, ನಮ್ಮಲ್ಲಿ 1961ರದು. ಬೋರ್ಡು ಬದಲಾಯಿತು, ರಾತ್ರಿ ಬಾಗಿಲು ಬಡಿಯುವುದು ನಿಲ್ಲಲಿಲ್ಲ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬುವನನ್ನು ಸಾಕ್ಷಿ ಇಲ್ಲ ಅಂತ ಬಿಟ್ಟಮೇಲೂ ಅವನ ಮೇಲೆ ಹಿಸ್ಟರಿ ಶೀಟ್ ತೆರೆದು ರಾತ್ರಿ ಮನೆ ಬಡಿಯುತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟು ರಾತ್ರಿ ಬಡಿಯುವುದು ತಪ್ಪು ಅಂದಿತು, ಆದರೆ ಖಾಸಗಿತನ ಅಂತ ಒಂದು ಹಕ್ಕು ಸಂವಿಧಾನದಲ್ಲಿ ಇಲ್ಲ ಅಂತಲೂ ಅಂದಿತು. ಆ ತಪ್ಪನ್ನು ತಿದ್ದಲು 2017ರ ಆಗಸ್ಟ್ 24 ಬರಬೇಕಾಯಿತು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂದರು. ಪತ್ರಿಕೆಗಳು ಮೊಬೈಲು, ಆಧಾರ್ ಅಂತ ಪುಟಗಟ್ಟಲೆ ಬರೆದವು. ಖರಕ್ ಸಿಂಗನ ಬಾಗಿಲ ಸುದ್ದಿ ಮೂಲೆಗೆ ಬಿತ್ತು.

ಜೈಲಿನೊಳಗೆ ನಮ್ಮ ಜಾತಿ ಮಾತ್ರ ಯಾವತ್ತೂ ಗುಟ್ಟಾಗಿ ಉಳಿಯಲಿಲ್ಲ. ಹೆಸರು, ಅಪ್ಪನ ಹೆಸರು, ಆಮೇಲೆ ಜಾತಿಯ ಕಾಲಂ. ಕೆಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಕಕ್ಕಸು ಗುಡಿಸುವ ಕೆಲಸ ಇಂಥವರಿಗೆ, ಅಡಿಗೆ ಕೆಲಸ ಇಂಥವರಿಗೆ ಅಂತ ಅಚ್ಚಾಗಿತ್ತು. ಪತ್ರಕರ್ತೆ ಸುಕನ್ಯಾ ಶಾಂತಾ ಇದನ್ನು ಬಯಲಿಗೆಳೆದು ಸುಪ್ರೀಂ ಕೋರ್ಟಿಗೆ ಹೋದರು. 2024ರ ಅಕ್ಟೋಬರ್ 3ರಂದು ಕೋರ್ಟು ಆ ನಿಯಮಗಳನ್ನು ಸಂವಿಧಾನಕ್ಕೆ ವಿರುದ್ಧ ಅಂತ ರದ್ದು ಮಾಡಿ, ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಿರಿ ಅಂತ ಆಜ್ಞೆ ಮಾಡಿತು. ಸ್ವಾತಂತ್ರ್ಯ ಬಂದು 77 ವರ್ಷ ಆದಮೇಲೆ!

ಹಾಗಂತ ಜೈಲಿನಲ್ಲಿ ಖಾಸಗಿತನವೇ ಇಲ್ಲ ಅಂತ ಯಾರಾದರೂ ಅಂದರೆ ನಾವು ಒಪ್ಪುವುದಿಲ್ಲ. ಇದೆ, ದುಡ್ಡಿದ್ದವರಿಗೆ ಇದೆ. 2017ರಲ್ಲಿ ಪರಪ್ಪನ ಅಗ್ರಹಾರ ಜೈಲಿನಲ್ಲಿ ತಮಿಳುನಾಡಿನ ದೊಡ್ಡ ರಾಜಕಾರಣಿಯೊಬ್ಬರಿಗೆ ಬೇರೆ ಅಡಿಗೆಮನೆಯೇ ಇದೆ ಅಂತ ಜೈಲು ಇಲಾಖೆಯ ಡಿಐಜಿಯಾಗಿದ್ದ ಡಿ. ರೂಪಾ ಅವರೇ ವರದಿ ಕೊಟ್ಟರು. 2024ರ ಆಗಸ್ಟಿನಲ್ಲಿ ಅದೇ ಜೈಲಿನಲ್ಲಿ ವಿಚಾರಣಾ ಕೈದಿಯಾಗಿದ್ದ ಸಿನಿಮಾ ನಟರೊಬ್ಬರು ಕುರ್ಚಿ ಹಾಕಿಕೊಂಡು ಸಿಗರೇಟು ಹಿಡಿದು ಕೂತ ಫೋಟೋ ನಾಡೆಲ್ಲ ನೋಡಿತು. ಅವರ ವಕೀಲರ ಮಾತು ಕದ್ದು ಕೇಳಲು ಯಾವ ವಾರ್ಡರಿಗೆ ಧೈರ್ಯ ಇದೆ ಹೇಳಿ.

ಒಳಗಿನಿಂದಲೇ ಮೊಬೈಲಿನಲ್ಲಿ ರೌಡಿಗಳು ಗ್ಯಾಂಗು ನಡೆಸುತ್ತಾರಲ್ಲ, ಪೊಲೀಸರು ಕಣ್ಣು ಮುಚ್ಚಿಕೊಂಡು ಕೂರಬೇಕಾ ಅಂತ ನಮ್ಮಲ್ಲೂ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೊಬೈಲು ಗೋಡೆ ಹಾರಿ ಬರುವುದಿಲ್ಲ, ಗೇಟಿನಲ್ಲಿ ಲಂಚ ಕೊಟ್ಟು ಬರುತ್ತದೆ, ಅಲ್ಲಿ ತಪಾಸಣೆ ಮಾಡಿ. ಪೊಲೀಸರು ಜೈಲಿಗೆ ಹೋಗಲೇಬಾರದು ಅಂತ ನಾವು ಹೇಳುತ್ತಿಲ್ಲ. ಕೋರ್ಟಿನ ಕಾಗದ ಹಿಡಿದು ಹೋಗಲಿ, ವಕೀಲರಿಗೆ ಮೊದಲೇ ತಿಳಿಸಲಿ, ವಕೀಲರಿಗೆ ಕಾಣುವ ಜಾಗದಲ್ಲಿ ಕೂತು ಕೇಳಲಿ, ಹೋದ ಹೊತ್ತು ಬಂದ ಹೊತ್ತು ಪುಸ್ತಕದಲ್ಲಿ ಬರೆಯಲಿ. ಇಷ್ಟಕ್ಕೇ ತನಿಖೆ ಕೆಡುತ್ತದೆ ಅಂದರೆ ಅದೆಂಥ ತನಿಖೆ?

ಬಾಬಾಸಾಹೇಬರು ಇದನ್ನು ಎಂದೋ ಕಂಡಿದ್ದರು. 1947ರಲ್ಲಿ ಅವರು ಬರೆದ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಕರಡಿನಲ್ಲಿ, ಕಾರಣವಿಲ್ಲದೆ ಜನರ ಮೈ, ಮನೆ, ಕಾಗದ ಪತ್ರ ಜಪ್ತಿ ಮಾಡಬಾರದು, ಶೋಧಿಸಬಾರದು ಅನ್ನುವುದನ್ನು ಮೂಲಭೂತ ಹಕ್ಕಿನ ಪಟ್ಟಿಯಲ್ಲೇ ಸೇರಿಸಿದ್ದರು. ಸಂವಿಧಾನದಲ್ಲಿ ಅದು ಆ ರೂಪದಲ್ಲಿ ಉಳಿಯಲಿಲ್ಲ. 1949ರ ಸೆಪ್ಟೆಂಬರಿನಲ್ಲಿ ಅವರೇ ಸಂವಿಧಾನ ಸಭೆಯ ಮುಂದೆ ಇನ್ನೊಂದು ಕಲಮು ತಂದರು, ಈಗಿನ 22ನೆಯದು. ಹಿಡಿದವನಿಗೆ ಕಾರಣ ಹೇಳಬೇಕು, ಅವನಿಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅದೇ ಕಲಮಿನಲ್ಲಿ ವಿಚಾರಣೆ ಇಲ್ಲದ ಬಂಧನಕ್ಕೂ ಜಾಗ ಸಿಕ್ಕಿತು, ಆ ಜಗಳ ಇನ್ನೊಂದು ಸಂಚಿಕೆಗೆ ಇರಲಿ. ಹೊಸ ಸಂಹಿತೆಯ 38ನೇ ಕಲಮು ವಿಚಾರಣೆಯ ನಡುವೆ ವಕೀಲರನ್ನು ಕಾಣಬಹುದು, ಆದರೆ ಪೂರ್ತಿ ಹೊತ್ತು ಅಲ್ಲ ಅನ್ನುತ್ತದೆ. ಏಟು ಬೀಳುವುದು ವಕೀಲರು ಎದ್ದು ಹೋದ ಹೊತ್ತಿನಲ್ಲೇ.

ಹಾಸ್ಟೆಲ್ಲಿನಲ್ಲಿ ಕೂತು ಇದಕ್ಕೆಲ್ಲ ಏನು ಮಾಡುವುದು ಅನ್ನಬೇಡಿ. ನಿಮ್ಮ ಕೇರಿಯ ಯಾರಾದರೂ ಒಳಗಿದ್ದರೆ ಅವರ ಮನೆಯವರಿಗೆ 15100 ಎಂಬ ಕಾನೂನು ನೆರವಿನ ಫೋನ್ ನಂಬರು ಬರೆದುಕೊಡಿ. ಉಚಿತ ವಕೀಲರನ್ನು ಕೇಳುವುದು ಭಿಕ್ಷೆಯಲ್ಲ ಅಂತ ಹೇಳಿಕೊಡಿ. ಆಮೇಲೆ ಹತ್ತು ರೂಪಾಯಿ ಖರ್ಚು ಮಾಡಿ ನಿಮ್ಮ ಜಿಲ್ಲೆಯ ಜೈಲಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹೋದ ಒಂದು ವರ್ಷದಲ್ಲಿ ಪೊಲೀಸರು ಕೈದಿಗಳನ್ನು ಪ್ರಶ್ನಿಸಲು ಎಷ್ಟು ಸಲ ಒಳಗೆ ಬಂದರು, ಎಷ್ಟು ಸಲ ಕೋರ್ಟಿನ ಅಪ್ಪಣೆ ಇತ್ತು, ಕೇಳಿ. ರಿಜಿಸ್ಟರಿನ ಜಾತಿ ಕಾಲಂ ತೆಗೆದಿದ್ದಾರಾ, ಕೇಳಿ. ದೂರಿನ ಪೆಟ್ಟಿಗೆ ಎಲ್ಲಿದೆ, ಕಡೇ ಸಲ ತೆಗೆದದ್ದು ಯಾವ ತಾರೀಕು, ಅದರ ಬೀಗದ ಕೈ ಯಾರ ಹತ್ತಿರ ಇದೆ, ಕೇಳಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಅದಕ್ಕೆ ಮೂರು ಹುಡುಗರು ಮೂರು ಅರ್ಜಿ ಬರೆಯಿರಿ. ಬಂದ ಉತ್ತರದ ನಕಲು ನಮಗೆ ಕಳಿಸಿ, ಬಂದದ್ದನ್ನು ಬಂದ ಹಾಗೇ ಈ ಪುಟದಲ್ಲಿ ಹಾಕುತ್ತೇವೆ. ಉತ್ತರ ಬಾರದಿದ್ದರೆ ಜೈಲಿನ ಹೆಸರು, ಅರ್ಜಿ ಕೊಟ್ಟ ತಾರೀಕು ಹಾಕುತ್ತೇವೆ.